ಗಾಜಿನ ಪೆಟ್ಟಿಗೆಯ ಗಾರ್ಟರ್ ಹಾವು

ಹಾವು ಅಂದರೆ ಹುತ್ತಕ್ಕೆ ತನಿ ಎರೆದು, ದೂರದಿಂದಲೇ ಕೈಮುಗಿದು ಬರುವವರು ನಾವು. ಅಂಥದ್ದರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿರುವ ತಂಗಿಯ ಮನೆಗೆ ಹೋದರೆ, ಅವಳ ಮಗನ ಕೋಣೆಯಲ್ಲೇ ಹಾವು! ಎರಡು ದಿನ ನಾನು ಆ ಬಾಗಿಲು ದಾಟಲಿಲ್ಲ.

ಗಾರ್ಟರ್ ಅಂತ ಹೆಸರು. ಮೈಮೇಲೆ ಉದ್ದುದ್ದ ಪಟ್ಟೆ. ಮನುಷ್ಯರಿಗೆ ಅಪಾಯವಿಲ್ಲ. ಆದರೆ ಪಾಪ, ಮೂರು ವಾರದಿಂದ ಉಪವಾಸ. "ದೊಡ್ಡಮ್ಮಾ, ಸತ್ತುಹೋಗತ್ತಾ?" ಅಂತ ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರೆ ನಾನೇನು ಹೇಳಲಿ?

ಪಶುವೈದ್ಯರು ನೋಡಿ, ಇದಕ್ಕೆ ಚಳಿ ಅಂದರು. ಹಾವಿಗೆ ನಮ್ಮ ಹಾಗೆ ಮೈಯೊಳಗೆ ಬಿಸಿ ಹುಟ್ಟುವುದಿಲ್ಲ. ಕಾವಿಲ್ಲದಿದ್ದರೆ ತಿಂದದ್ದು ಅರಗದು, ತಿನ್ನಲೂ ಮನಸ್ಸಾಗದು. ಹಾಗಂತ ಪೆಟ್ಟಿಗೆಯನ್ನೆಲ್ಲ ಕಾಯಿಸಬಾರದು. ಒಂದು ತುದಿ ಸುಮಾರು 30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 22ರಿಂದ 24 ಇದ್ದರೆ, ಬೇಕಾದ ಕಡೆಗೆ ಅದೇ ಸರಿದುಕೊಳ್ಳುತ್ತೆ. ತಂಗಿ ತಂದಿದ್ದ ಕರೆಂಟಿನ ಬಿಸಿಕಲ್ಲನ್ನು ತೆಗೆಸಿದರು. ಹೊಟ್ಟೆ ಸುಡುತ್ತಿದ್ದರೂ ಹಾವು ಅದರ ಮೇಲಿಂದ ಏಳದೆ ಇರುವುದುಂಟಂತೆ! ಬದಲಿಗೆ ಪೆಟ್ಟಿಗೆಯ ಕೆಳಗೆ, ಮೂರನೇ ಒಂದು ಭಾಗಕ್ಕೆ ಮಾತ್ರ, ಬಿಸಿಯಾಗುವ ಚಾಪೆ ಇಟ್ಟರು. ಕಾವು ಮೀರದಂತೆ ಥರ್ಮೋಸ್ಟಾಟ್ ಬೇಕೇ ಬೇಕು.

ಎರಡೂ ತುದಿಗೆ ಅಡಗಲು ಗೂಡು, ಬಟ್ಟಲಲ್ಲಿ ದಿನಾ ಹೊಸ ನೀರು, ಕೆಳಗೆ ಹಳೇ ಪೇಪರು. ಹಾಸು ಸದಾ ಒದ್ದೆಯಿದ್ದರೆ ಮೈಮೇಲೆ ಬೊಬ್ಬೆ ಏಳುತ್ತವೆ. ಮುಚ್ಚಳ ಬಿಗಿಯಾಗಿರಬೇಕು. (ಅದನ್ನು ನಾನೇ ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ!)

ನಿಮ್ಮ ಮಕ್ಕಳೂ ಹಾವು ಬೇಕೆಂದು ಹಟ ಹಿಡಿದರೆ, ನಮ್ಮ ನಾಡಿನ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ ಅಂತ ಹೇಳಿಬಿಡಿ.

ಒಂಬತ್ತನೇ ದಿನ ಅದು ಎರೆಹುಳು ನುಂಗಿತು. ಹುಡುಗ ಕುಣಿದಾಡಿಬಿಟ್ಟ. ನಾನೂ ಹೊಸಿಲು ದಾಟಿ ಒಳಗೆ ಹೋಗಿ ನೋಡಿದೆ.