ಅಡವಿಯ ಚಿಂಕಾರವೂ ಹಿರೇಬೇನೆಯೂ

ಕಲಾದಗಿಗೆ ಅನತಿದೂರದಲ್ಲಿ, ಬೀಳಗಿ-ಮುಧೋಳ ತಾಲೂಕುಗಳ ಕುರುಚಲು ಗುಡ್ಡಗಳಲ್ಲಿ, ಚಿಂಕಾರವೆಂಬ ಸಣ್ಣ ಹುಲ್ಲೆಯು ಬಾಳಿಕೊಂಡಿರುವದು. ಅದಕ್ಕಾಗಿ ಸರಕಾರವು ಯಡಹಳ್ಳಿಯಲ್ಲಿ ವನ್ಯಧಾಮವನ್ನು ಸ್ಥಾಪಿಸಿದ್ದು ಸ್ತುತ್ಯವೇ ಸರಿ. ಆದರೆ ಬೇಟೆಗಾರನನ್ನು ತಡೆದ ಮಾತ್ರಕ್ಕೆ ರಕ್ಷಣೆಯಾಯಿತೇ? ಬೇಲಿಗೂ ಕಾವಲಿಗೂ ಜಗ್ಗದ ವೈರಿಯೊಂದುಂಟು. ಪಶುವೈದ್ಯರು ಪಿ.ಪಿ.ಆರ್. ಎಂದೂ ಕುರಿಗಾರರು ಹಿರೇಬೇನೆಯೆಂದೂ ಕರೆಯುವ ಜಾಡ್ಯವೇ ಅದು.

ಅದರ ಲಕ್ಷಣಗಳನ್ನು ನಮ್ಮ ಹಳ್ಳಿಯ ವಾಚಕರಿಗೆ ಹೇಳಬೇಕಾದುದಿಲ್ಲ. ಜ್ವರ, ಕಣ್ಣು ಮೂಗುಗಳ ಸೋರಿಕೆ, ಬಾಯಿಹುಣ್ಣು, ಭೇದಿ. ಆಮೇಲೆ ಕುರಿಗಾರನ ವರ್ಷದ ದುಡಿಮೆಯೆಲ್ಲ ಮಣ್ಣುಪಾಲು. ಭಾರತದಲ್ಲಿ ಈ ಬೇನೆಯನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಅದು ಕುರಿ ಆಡುಗಳಲ್ಲಿಯೇ ನಿಲ್ಲುವದಿಲ್ಲ. 2016-17ರಲ್ಲಿ ಮಂಗೋಲಿಯಾದ ಸಾಕುಹಿಂಡುಗಳಿಂದ ಸೈಗಾ ಹುಲ್ಲೆಗಳಿಗೆ ತಗುಲಿ, ಅಲ್ಲಿಯ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೊಂದಿತು.

ಅಮೇರಿಕೆಯ ಕಾಡುಕುರಿಗಳ ಕಥೆಯೂ ಇಂಥದೇ. ಸಾಕಿದ ಕುರಿಗಳಿಂದ ಬಂದ ಸೂಕ್ಷ್ಮಜೀವಿಯು ಅವುಗಳ ಶ್ವಾಸಕೋಶವನ್ನು ಕೆಡಿಸುವದೆಂದು ಅಲ್ಲಿಯ ಸಂಶೋಧಕರು ಕಂಡುಕೊಂಡಿರುವರು. ತಕ್ಕ ಲಸಿಕೆಯಿಲ್ಲದ್ದರಿಂದ ಎರಡನ್ನೂ ದೂರವಿಡುವದೇ ಅವರಿಗುಳಿದ ಉಪಾಯ. ಇದನ್ನೋದಿದ ನಮ್ಮ ಪೇಟೆಯ ಪಂಡಿತರು ಕುರಿಗಾರನನ್ನು ಗುಡ್ಡದಿಂದ ಓಡಿಸಿರೆಂದು ಕೂಗಿಯಾರು! ಆ ಅನುಕರಣೆ ನಮಗೆ ಬೇಡ. ಹಿರೇಬೇನೆಗೆ ಲಸಿಕೆಯುಂಟು, ಅದೂ ಮುಕ್ತೇಶ್ವರದಲ್ಲಿ ನಮ್ಮವರೇ ಸಿದ್ಧಪಡಿಸಿದ್ದು. ಒಂದು ಸೂಜಿಗೆ ಮೂರು ವರ್ಷವಾದರೂ ರಕ್ಷಣೆ ದೊರೆಯುವದು.

ದೊಡ್ಡರೋಗವನ್ನು ನೆನೆಯೋಣ. 1968ರಲ್ಲಿ ಅದು ಬಂಡೀಪುರದ ಕಾಟಿಗಳ ಹಿಂಡುಗಳನ್ನೇ ಬರಿದುಮಾಡಿತ್ತು. ಅಂಥ ಪಿಡುಗು 2011ರಲ್ಲಿ ಭೂಮಂಡಲದಿಂದಲೇ ತೊಲಗಿತೆಂದು ಘೋಷಿತವಾಯಿತು. ಊರ ದನಗಳಿಗೆ ಲಸಿಕೆ ಹಾಕಿಯೇ ಅಡವಿಯ ಕಾಟಿಯನ್ನು ಉಳಿಸಲಾಯಿತು. ಯಾವ ರೈತನ ದನವನ್ನೂ ಗಡಿಪಾರು ಮಾಡಬೇಕಾಗಲಿಲ್ಲ.

ಕಾಯದೆಯೂ ಇದನ್ನೇ ಹೇಳುವದು. ವನ್ಯಧಾಮದೊಳಗೂ ಅದರ ಸುತ್ತ ಐದು ಕಿಲೋಮೀಟರಿನೊಳಗೂ ಇರುವ ಜಾನುವಾರುಗಳಿಗೆ ಲಸಿಕೆಯ ವ್ಯವಸ್ಥೆ ಮಾಡುವ ಹೊಣೆಯು ವನ್ಯಜೀವಿ ಕಾಯದೆಯ 33-ಎ ಕಲಮಿನ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರದು. ಆದರೆ ಹುಲ್ಲು ನೀರು ಅರಸಿ ಊರೂರು ಅಲೆಯುವ ಹಿಂಡು ಯಾವ ಐದು ಕಿಲೋಮೀಟರಿನ ಲೆಕ್ಕಕ್ಕೆ ಸಿಕ್ಕೀತು? ಇಂದು ಹುನಗುಂದದ ಸೀಮೆಯಲ್ಲಿದ್ದದ್ದು ತಿಂಗಳೊಪ್ಪತ್ತಿನಲ್ಲಿ ಕೃಷ್ಣೆಯ ದಂಡೆಯಲ್ಲಿರುವದು. ಹೀಗಾಗಿ ಲಸಿಕೆಯೇ ಹಿಂಡಿನ ಬೆನ್ನು ಹತ್ತಬೇಕು. ಕುರಿಯ ವ್ಯಾಪಾರಕ್ಕೂ ಕರದಂಟಿಗೂ ಹೆಸರಾದ ಅಮೀನಗಡದ ಸಂತೆಯಲ್ಲಿ ಪಶುವೈದ್ಯರು ಕುಳಿತಿರಲಿ. ಸಂತೆಯ ಮರಿಯೊಡನೆ ಬೇನೆಯೂ ಮನೆ ಸೇರುವದುಂಟು. ಮರಿಗಳು ವರ್ಷವರ್ಷವೂ ಹುಟ್ಟುವದರಿಂದ ಒಮ್ಮೆ ಬಂದು ಹೋದರೆ ಸಾಲದು.

ಇನ್ನು ಸಂಶೋಧನೆಯ ಮಾತು. ಪಶುರೋಗಗಳ ಹರಡುವಿಕೆಯನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆಯಾದ ನಿವೇದಿಯು ನಮ್ಮ ಬೆಂಗಳೂರಿನಲ್ಲಿಯೇ ಇರುವದು. ಯಡಹಳ್ಳಿಯಲ್ಲಿ ಸತ್ತ ಪ್ರತಿಯೊಂದು ಚಿಂಕಾರವನ್ನೂ ಹೂಳುವ ಮೊದಲು ಪರೀಕ್ಷಿಸಿ, ಮಾದರಿಗಳನ್ನು ಅಲ್ಲಿಗೆ ಕಳಿಸುವ ಏರ್ಪಾಡಾಗಲಿ. ಸುತ್ತಲಿನ ಹಿಂಡುಗಳ ರಕ್ತಪರೀಕ್ಷೆಯೂ ಜೊತೆಗೇ ನಡೆಯಲಿ. 2030ರೊಳಗೆ ಹಿರೇಬೇನೆಯನ್ನು ನಿರ್ಮೂಲಗೊಳಿಸುವದಾಗಿ ರಾಷ್ಟ್ರಗಳೆಲ್ಲ ಸಂಕಲ್ಪಿಸಿರುವವು. ಅರಣ್ಯ ಮತ್ತು ಪಶುಸಂಗೋಪನ ಖಾತೆಗಳ ಜಿಲ್ಲಾಧಿಕಾರಿಗಳು ಬರುವ ಬೇಸಿಗೆಗೆ ಮುಂಚೆ ಕುರಿಗಾರರ ಹಿರಿಯರನ್ನು ಕರೆದು, ಹಿಂಡುಗಳು ಸಾಗುವ ಹಾದಿಗಳನ್ನು ಬರೆದುಕೊಳ್ಳುವರೇ ಎಂದು ನಾವು ಕೇಳುತ್ತೇವೆ.