ಬಹುಮಾನ ಬಂದ ಕವಿತೆ ಎಲ್ಲಿ?

ಅಬ್ಬಿಗೇರಿ ಗದಗ ಜಿಲ್ಲೆಯ ನರೇಗಲ್ಲಿನ ಮಗ್ಗುಲ ಊರು. ಕತೆಗಾರ, ವಿಮರ್ಶಕ ಗಿರಡ್ಡಿ ಗೋವಿಂದರಾಜ ಹುಟ್ಟಿದ್ದು ಅಲ್ಲಿ, 1939ರಲ್ಲಿ. ಅದೇ ವರ್ಷ ಹುಟ್ಟಿದ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ ಧಾರವಾಡದಲ್ಲಿ ಅವರಿಗೆ ಜೊತೆಯಾದರು. 1964ರಲ್ಲಿ ಮೂವರೂ ಕೂಡಿ ‘ಸಂಕ್ರಮಣ’ ಪತ್ರಿಕೆ ತೆಗೆದರು. ಇಪ್ಪತ್ತೈದರ ಹುಡುಗರ ಆ ಪತ್ರಿಕೆ ಮುಂದೆ ಕತೆ, ಕವಿತೆಗಳಿಗೆ ಸ್ಪರ್ಧೆಯನ್ನೂ ನಡೆಸಿತು. ಇವತ್ತು ಹೆಸರಾದ ಎಷ್ಟೋ ಲೇಖಕರ ಪರಿಚಯದಲ್ಲಿ ‘ಸಂಕ್ರಮಣ ಬಹುಮಾನ’ ಎಂಬ ಮಾತು ಈಗಲೂ ಕಾಣುತ್ತದೆ.

ಕನ್ನಡದ ಕಾಲೇಜು ಹುಡುಗರಿಗೆ ಇಂಥ ಇನ್ನೊಂದು ಬಾಗಿಲು ತೆರೆದದ್ದು ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ. ಅಲ್ಲಿ ಕನ್ನಡ ಮೇಷ್ಟ್ರಾಗಿದ್ದ ಚಿ. ಶ್ರೀನಿವಾಸರಾಜು (1942–2007) ವಿದ್ಯಾರ್ಥಿಗಳನ್ನೇ ಕಟ್ಟಿಕೊಂಡು ಪುಸ್ತಕ ಪ್ರಕಟಣೆಗೆ ಇಳಿದವರು. ಸಂಘ ನಡೆಸಿದ ಅಂತರ ಕಾಲೇಜು ಕವನ ಸ್ಪರ್ಧೆಗೆ ಬೇಂದ್ರೆಯವರ ಹೆಸರು. 1981ರಲ್ಲಿ ತೀರಿಕೊಂಡ ಧಾರವಾಡದ ಕವಿಯ ನೆನಪು, ಬೆಂಗಳೂರಿನ ಕಾಲೇಜೊಂದರಲ್ಲಿ, ನಾಡಿನ ಮೂಲೆಮೂಲೆಯ ಹುಡುಗರ ಕವಿತೆಗಳ ನಡುವೆ! ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬಹುಮಾನದ ಕವಿತೆಗಳನ್ನು ಸಂಘ ಅಚ್ಚು ಹಾಕಿದ್ದು. ಗೆದ್ದವರ ಹೆಸರಿನ ಜೊತೆ ಗೆದ್ದ ಕವಿತೆಯೂ ಉಳಿಯಿತು.

ಇಂಥ ಸ್ಪರ್ಧೆಗಳ ಪದ್ಧತಿ ಸಾಮಾನ್ಯವಾಗಿ ಸರಳ. ಕವಿತೆಯ ಹಾಳೆಯ ಮೇಲೆ ಹೆಸರು ಬರೆಯುವಂತಿಲ್ಲ. ಹೆಸರು, ವಿಳಾಸ ಬೇರೆ ಹಾಳೆಯಲ್ಲಿ. ಕವಿತೆ ಓದುವವರಿಗೆ ಬರೆದವರು ಯಾರ ಮಗಳು, ಯಾವ ಊರು, ಯಾವ ಓಣಿ ಗೊತ್ತಿರುವುದಿಲ್ಲ. ನರೇಗಲ್ಲಿನಂಥ ಊರಿನ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ತನ್ನನ್ನು ಕಂಡೇ ಇರದವರು ತನ್ನ ಸಾಲಿನ ಹತ್ತಿರ ನಿಂತು ಯೋಚಿಸಿದರು ಎಂಬುದು ಆ ವಿದ್ಯಾರ್ಥಿಯ ಬದುಕಿನಲ್ಲಿ ಅದೇ ಮೊದಲು.

ನರೇಗಲ್ಲಿನ ಈ ಸೀಮೆಗೆ ಬರವಣಿಗೆ ಹೊಸದೇನಲ್ಲ. ಸಾವಿರ ವರ್ಷದ ಹಿಂದೆ ಕನ್ನಡಕ್ಕೆ ಪಂಚತಂತ್ರ ತಂದ ದುರ್ಗಸಿಂಹನ ಊರು ಸಯ್ಯಡಿಯನ್ನು ವಿದ್ವಾಂಸರು ರೋಣ ತಾಲ್ಲೂಕಿನ ಸವಡಿ ಎಂದು ಗುರುತಿಸುತ್ತಾರೆ. ಕುಮಾರವ್ಯಾಸನ ಗದುಗು ದೂರವಿಲ್ಲ. ಆದರೆ ಇಷ್ಟಿದ್ದೂ ಇಲ್ಲಿನ ಹುಡುಗರಿಗೆ ಪೆನ್ನು ಹಿಡಿದ ಕೂಡಲೇ ಪಠ್ಯಪುಸ್ತಕದ ಭಾಷೆ ನೆನಪಾಗುತ್ತದೆ. ಎರೆಹೊಲ, ಹಿಂಗಾರಿ ಕಡಲೆ, ಮಳೆ ಕೈಕೊಟ್ಟ ವರ್ಷ ಅಪ್ಪ ಮಾತು ಬಿಟ್ಟು ಕೂತದ್ದು ಎಲ್ಲ ಬಾಯಲ್ಲಿ ಒಂದು ಬಗೆ, ಹಾಳೆಯ ಮೇಲೆ ಇನ್ನೊಂದು ಬಗೆ. ಗಿರಡ್ಡಿಯವರ ಕಥಾಸಂಕಲನದ ಹೆಸರು ನೋಡಿ: ‘ಆ ಮುಖಾ ಈ ಮುಖಾ’. ಆ ಕೊನೆಯ ದೀರ್ಘದಲ್ಲಿ ಅಬ್ಬಿಗೇರಿಯ ಕಟ್ಟೆಯ ದನಿ ನನಗೆ ಕೇಳಿಸುತ್ತದೆ. ಮನೆಮಾತಿನಲ್ಲಿ ಬರೆದದ್ದಕ್ಕೆ ಬಹುಮಾನ ಬಂದಾಗ, ಬರೆದವರಿಗೆ ತಮ್ಮ ನಾಲಗೆಯ ಮೇಲೇ ಭರವಸೆ ಹುಟ್ಟುತ್ತದೆ.

ಬಹುಮಾನ ಬಂದ ಮೇಲೆ ನಮ್ಮ ಕಾಲೇಜುಗಳು ಮಾಡುವುದೇನು? ನೋಟಿಸ್ ಬೋರ್ಡಿನಲ್ಲಿ ಹೆಸರು, ಪ್ರಾಚಾರ್ಯರ ಕೈಯಿಂದ ಶಾಲು, ಹಾರ, ಒಂದು ಫೋಟೊ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು. ಇದೆಲ್ಲ ಬೇಕು; ಆ ದಿನದ ಖುಷಿ ದೊಡ್ಡದು. ಆದರೆ ಕವಿತೆ ಎಲ್ಲಿ? ಸಮಾರಂಭದಲ್ಲಿ ಅದನ್ನು ಓದಿಸುವುದಿಲ್ಲ. ವಾರ್ಷಿಕ ಸಂಚಿಕೆಯಲ್ಲಿ ಫೋಟೊ ಬರುತ್ತದೆ, ಕೆಳಗೆ ‘ಪ್ರಥಮ ಸ್ಥಾನ’ ಎಂದಿರುತ್ತದೆ. ಯಾವುದಕ್ಕೆ ಪ್ರಥಮ ಎಂದು ತಿಳಿಯಬೇಕಾದವರು ಗೆದ್ದ ಹುಡುಗಿಯ ವಹಿಯನ್ನೇ ಹುಡುಕಬೇಕು.

ಗೆದ್ದವರನ್ನು ವೇದಿಕೆಗೆ ಕರೆದಾಗ ಐದು ನಿಮಿಷ ಮೈಕು ಅವರಿಗೇ ಕೊಡಿ. ಅತಿಥಿಗಳ ಭಾಷಣ ಅಷ್ಟು ಮೊಟಕಾಗಲಿ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತ ಅವ್ವನಿಗೆ ಮಗಳು ಬರೆದದ್ದು ಅವಳದೇ ದನಿಯಲ್ಲಿ ಕೇಳಲಿ.