ದಂಡಿನ ಹುಲ್ಲಿಗೆ ಯಾರ ಖರ್ಚು?

1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕುಂದಾಪುರವನ್ನು ಹಿಡಿದ. ಅಲ್ಲಿಂದ ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ ನಡೆದ. ಕೋಟೆಯ ಉಸ್ತುವಾರಿಯಲ್ಲಿದ್ದ ಅಯಾಜ್ ಖಾನ್ ಕಾದಾಡದೆ ಅದನ್ನು ಒಪ್ಪಿಸಿಬಿಟ್ಟ. ಹೈದರಾಲಿ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಟಿಪ್ಪು ಪೂರ್ವದ ತಮಿಳು ಸೀಮೆಯಲ್ಲಿ ದಂಡು ಹೂಡಿದ್ದ. ಇಷ್ಟು ದೂರದಿಂದ ಅವನು ಬರುವುದರೊಳಗೆ ಮಳೆ ಹಿಡಿಯುತ್ತದೆ, ಆಮೇಲೆ ಘಟ್ಟದ ಮೇಲೆ ಯಾರೂ ತೋಪು ಎಳೆಯಲಾರರು ಎಂದು ಮ್ಯಾಥ್ಯೂಸ್ ಎಣಿಸಿದ್ದರೆ ಅದು ತಪ್ಪು ಎಣಿಕೆಯೇನಲ್ಲ. ಕೊಕ್ಕರ್ಣೆ, ಹೆಬ್ರಿ, ಸಿದ್ದಾಪುರದ ಕಡೆಯವರಿಗೆ ಮಳೆಗಾಲದ ಘಟ್ಟವೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಟಿಪ್ಪು ಒಂದೇ ತಿಂಗಳಲ್ಲಿ ದೇಶದ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ತೋಪುಗಳ ಸಮೇತ ಬಂದಿಳಿದ ಎಂದು ಮೈಸೂರಿನ ಹಳೆಯ ಗೆಜೆಟಿಯರು ಬರೆಯುತ್ತದೆ. ಬೇಸಗೆ ಮುಗಿಯುವುದರೊಳಗೆ ಬಿದನೂರು ಅವನ ಕೈಗೆ ಮರಳಿತ್ತು, ಮ್ಯಾಥ್ಯೂಸ್ ಸೆರೆಯಾಳಾಗಿದ್ದ.

ಕೀರ್ತಿ ಟಿಪ್ಪುವಿನ ಲೆಕ್ಕಕ್ಕೆ ಹೋಯಿತು. ತೋಪು ಎಳೆದದ್ದು ಎತ್ತುಗಳು. ಅವು ತಿಂದದ್ದು ಹುಲ್ಲು. ಆ ಹುಲ್ಲನ್ನು ಬೆಳೆಸಿ, ಕಾದು, ಬಾಡಿದಾಗ ಮತ್ತೆ ಚಿಗುರಿಸಿದ ನೆಲಕ್ಕೆ ‘ಕಾವಲು’ ಎಂದು ಹೆಸರು. ಸೈನ್ಯಕ್ಕಾಗಿ ಮೀಸಲಿಟ್ಟ ಭೂಮಿಯನ್ನು ಯಾರ ದುಡ್ಡಿನಲ್ಲಿ ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಇಂದು ದೊಡ್ಡ ದೊಡ್ಡ ದೇಶಗಳ ಆಯವ್ಯಯ ಪುಸ್ತಕಗಳಲ್ಲಿದೆ. ನಮ್ಮ ನಾಡಿನಲ್ಲಿ ಆ ಪ್ರಶ್ನೆಗೆ ಮುನ್ನೂರು ವರ್ಷಗಳ ಚರಿತ್ರೆಯಿದೆ, ಅದರ ಹೆಸರು ಅಮೃತಮಹಲ್.

ಕರಾವಳಿಯವರಿಗೆ ಕಾವಲು ಪರಿಚಿತ ವಸ್ತುವಲ್ಲ. ನಮಗೆ ಗೊತ್ತಿರುವುದು ಕುಮ್ಕಿ. ವರ್ಗದ ಜಾಗದ ಅಂಚಿನಿಂದ ನೂರು ಗಜದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು ಕಡಿಯಬಹುದು, ದನ ಮೇಯಿಸಬಹುದು, ಕಟ್ಟಿಗೆ ತರಬಹುದು. ಒಡೆತನ ಸರ್ಕಾರದ್ದು, ಅನುಭವ ವರ್ಗದಾರನದ್ದು. ಗದ್ದೆಗೆ ಹಾಡಿಯ ಸೊಪ್ಪು ಬೀಳದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಭತ್ತವಿಲ್ಲ. ಹೀಗೆ ಒಂದು ನೆಲವನ್ನು ಇನ್ನೊಂದರ ಬೆನ್ನಿಗೆ ಕಟ್ಟಿಕೊಟ್ಟ ವ್ಯವಸ್ಥೆ ಅದು. 1964ರ ಭೂಕಂದಾಯ ಕಾಯ್ದೆಯ 79ನೆಯ ಕಲಮು ಇದನ್ನು ಬಾಣೆ, ಬೆಟ್ಟ, ಹಾಡಿಗಳ ಜೊತೆಗೆ ಇಂದಿಗೂ ಉಳಿಸಿಟ್ಟಿದೆ. ಅಮೃತಮಹಲ್ ಕಾವಲುಗಳು ಮೈಸೂರಿನ ಸೈನ್ಯಕ್ಕೆ ಕುಮ್ಕಿಯಂತಿದ್ದವು ಎಂದುಕೊಂಡರೆ ಮುಂದಿನ ಕಥೆ ಸಲೀಸಾಗುತ್ತದೆ.

ಮೊದಲ ದನದ ಹಟ್ಟಿ ಕಟ್ಟಿದವರು ವಿಜಯನಗರದ ಪ್ರತಿನಿಧಿಗಳು, ಶ್ರೀರಂಗಪಟ್ಟಣದಲ್ಲಿ. ಹಳ್ಳಿಕಾರ್ ತಳಿಯ ಆ ದನಗಳು ಒಡೆಯರ ವಶಕ್ಕೆ ಬಂದವು. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದನ್ನು ಇಲಾಖೆಯಾಗಿಸಿ, ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಗುರುತು ಮಾಡಿಸಿ, ‘ಬೆಣ್ಣೆ ಚಾವಡಿ’ ಎಂದು ಕರೆದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಹೊರಗಿನ ಕೆಲಸ. ಹೈದರಾಲಿಗೆ ಬೆಣ್ಣೆಗಿಂತ ಹೋರಿ ಮುಖ್ಯವಾಯಿತು. ಅವನ ಬಳಿ ಅರುವತ್ತು ಸಾವಿರ ಎತ್ತುಗಳಿದ್ದವು ಎಂಬ ಅಂದಾಜಿದೆ. ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಓಡಿದ್ದು ಈ ಎತ್ತುಗಳ ಬಲದಿಂದ. ಯುದ್ಧದಲ್ಲಿ ಸೋತ ದಿನವೂ ಶತ್ರು ಬಂದು ಮುಟ್ಟುವ ಮೊದಲೇ ತೋಪುಗಳನ್ನು ಎಳೆದುಕೊಂಡು ಮಾಯವಾಗುವುದು ಹೈದರನ ಪದ್ಧತಿಯಾಗಿತ್ತು. ಟಿಪ್ಪು ಇಲಾಖೆಯ ಹೆಸರನ್ನು ಅಮೃತಮಹಲ್ ಎಂದು ಬದಲಿಸಿ, ನಡೆಸುವ ರೀತಿಗೆ ಹುಕುಂನಾಮೆ ಹೊರಡಿಸಿದ.

ಇದು ಬರೀ ಮೇವಿನ ವ್ಯವಸ್ಥೆಯಾಗಿರಲಿಲ್ಲ, ತಾಲೀಮಿನ ನೆಲವೂ ಹೌದು. ಕಾವಲಿನಲ್ಲಿ ಹುಟ್ಟಿದ ಕರು ಅರೆಕಾಡು ಪ್ರಾಣಿಯಾಗಿಯೇ ಬೆಳೆಯುತ್ತಿತ್ತು. ಕಾಯುವವನನ್ನು ಬಿಟ್ಟರೆ ಬೇರೆ ಮನುಷ್ಯರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹೋರಿಗಳನ್ನು ದೊಡ್ಡಿಗೆ ಅಟ್ಟಿ, ಹಿಡಿದು, ಬೀಜ ಒಡೆಸಿ, ಗಟ್ಟಿ ಕಂಬಕ್ಕೆ ಕಟ್ಟಿ, ಪಳಗಿದ ಎತ್ತಿನ ಜೊತೆ ನೊಗಕ್ಕೆ ಹೂಡಿ ದಾರಿಗೆ ತರುತ್ತಿದ್ದರು. ಪಳಗಿದವು ಕಂಪನಿಯ ಕಾಲದಲ್ಲಿ ಹುಣಸೂರಿನ ಡಿಪೋಗೆ ಹೋಗುತ್ತಿದ್ದವು. ಅದೇ ಹುಣಸೂರಿನಲ್ಲಿ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಗಾಡಿಗಳೂ ತಯಾರಾಗುತ್ತಿದ್ದವು.

ಕಾವಲುಗಳನ್ನು ನೋಡಿಕೊಂಡ ಬಗೆ ಇನ್ನೂ ಸ್ವಾರಸ್ಯದ್ದು. ಅವುಗಳಲ್ಲಿ ಮೂರು ಜಾತಿ: ಮಳೆಗಾಲದ್ದು, ಚಳಿಗಾಲದ್ದು, ಬೇಸಗೆಯದ್ದು. ಮಳೆಗಾಲದ ಕಾವಲಿಗೆ ಕೆರೆಯ ಹಂಗಿಲ್ಲ, ಹುಲ್ಲಿದ್ದರೆ ಸಾಕು. ಬೆಲೆಬಾಳುವುದು ಬೇಸಗೆಯ ಕಾವಲು. ಕೆರೆಯಂಗಳದಲ್ಲಿ ನೀರು ಇಳಿದಂತೆ ಹಸಿರು ಹುಲ್ಲು ಮೇಲೆದ್ದು ಬರಬೇಕು, ನಡುಮಧ್ಯಾಹ್ನ ದನ ಮಲಗಲು ಮರದ ನೆರಳು ಬೇಕು. ನೆರಳಿನ ಮರ ಬೆಳೆಸಲು ಇಲಾಖೆ ಗುಂಡಿ ತೋಡಿ ಸಸಿ ನೆಡುವ ಗೋಜಿಗೆ ಹೋಗಲಿಲ್ಲ. ದನ ಮೇದು ಹೋದ ಮೇಲೆ ಬಲಿತ ಹುಲ್ಲಿಗೆ ಕುರಿಗಳನ್ನು ಮುಫತ್ತಾಗಿ ಬಿಟ್ಟರು. ಶರತ್ತು ಒಂದೇ: ರಾತ್ರಿ ಅಲ್ಲಿಯೇ ಮಂದೆ ನಿಲ್ಲಿಸಬೇಕು. ಕುರಿಗಳಿಗೆ ಜಾಲಿಕಾಯಿ ತಿನ್ನಿಸಿದರು. ಹೊಟ್ಟೆಯಲ್ಲಿ ನೆನೆದ ಬೀಜ ಹಿಕ್ಕೆಯ ಜೊತೆ ಬಿದ್ದು, ಗೊಬ್ಬರವೂ ತನ್ನದೇ ಆಗಿ, ಮುಂದಿನ ಮಳೆಗೆ ಮೊಳೆಯಿತು. ಕುರಿಗಾರನಿಗೆ ಮೇವು, ನೆಲಕ್ಕೆ ಗೊಬ್ಬರ, ಸೈನ್ಯಕ್ಕೆ ಮರ. ಖಜಾನೆಯಿಂದ ಒಂದು ದುಡ್ಡೂ ಬಿಚ್ಚಲಿಲ್ಲ. ಅಮೃತಮಹಲಿನ ಇಡೀ ಕಡತದಲ್ಲಿ ನನಗೆ ಅತ್ಯಂತ ಬುದ್ಧಿವಂತ ಸಾಲು ಎನಿಸುವುದು ಇದೇ. ಸಂಬಳಕ್ಕೆ ನಿಂತ ಕಾವಲುಗಾರರಿದ್ದರು, ಹೆಚ್ಚಾದ ಮೇವಿನ ಮಾರಾಟದಿಂದ ಆದಾಯವೂ ಇತ್ತು. ನೆಲದ ಖರ್ಚಿನ ದೊಡ್ಡ ಪಾಲನ್ನು ನೆಲವೇ ದುಡಿದು ಕೊಡುತ್ತಿತ್ತು.

ಶ್ರೀರಂಗಪಟ್ಟಣ ಬಿದ್ದ ಮೇಲೆ 1799ರಲ್ಲಿ ದನಗಳು ಇಂಗ್ಲಿಷರ ಪಾಲಾದವು. ಸಾಕುವ ಹೊಣೆಯನ್ನು ಮೈಸೂರಿಗೆ ಬಿಟ್ಟು, ಎತ್ತುಗಳನ್ನು ಮಾತ್ರ ತಾವು ಎಣಿಸಿಕೊಳ್ಳುತ್ತ ಹೋದರು. ತಳಿ ಕೆಟ್ಟಿತು. 1813ರಲ್ಲಿ ಮದರಾಸು ಕಮಿಸರಿಯಟ್‌ನ ಕ್ಯಾಪ್ಟನ್ ಹಾರ್ವೆಯನ್ನು ಇದಕ್ಕೆಂದೇ ನೇಮಿಸಿದ ಮೇಲೆ ಚೇತರಿಸಿತು. ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಇಲ್ಲಿನ ಕಾಳಗಗಳಲ್ಲಿ ಈ ಎತ್ತುಗಳನ್ನು ನೆಚ್ಚಿದ್ದವನು, ಸ್ಪೇನಿನ ಯುದ್ಧದಲ್ಲಿ ಇವು ತನ್ನ ಬಳಿ ಇಲ್ಲವಲ್ಲ ಎಂದು ಕೊರಗಿದನಂತೆ. 1842ರ ಅಫ್ಘನ್ ಯುದ್ಧಕ್ಕೂ ಇವು ಹೋದವು.

ಇಷ್ಟೆಲ್ಲ ಆದ ಮೇಲೆ 1860ರಲ್ಲಿ ಲೆಕ್ಕದ ಮನುಷ್ಯನೊಬ್ಬ ಬಂದ. ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್. ದಂಗೆಯ ನಂತರದ ಕಾಲ, ಸರ್ಕಾರ ಸಾಲದಲ್ಲಿತ್ತು, ಮಿತವ್ಯಯದ ಕತ್ತರಿ ಎಲ್ಲೆಡೆ ಆಡುತ್ತಿತ್ತು. ಬೇಕಾದಾಗ ಸಂತೆಯಲ್ಲಿ ಎತ್ತು ಕೊಂಡರಾಯಿತು, ವರ್ಷವಿಡೀ ದನ ಸಾಕಿ ಕಾವಲು ಕಾಯುವುದೇಕೆ? ಇಲಾಖೆ ಮುಚ್ಚಿತು, ದನಗಳು ಹರಾಜಾದವು. ಕೊಂಡವರಲ್ಲಿ ಈಜಿಪ್ಟಿನ ಪಾಷಾ ಕೂಡ ಇದ್ದ. ಸಂತೆಯಲ್ಲಿ ಅಂಥ ಎತ್ತು ಸಿಗುವುದಿಲ್ಲವೆಂದು, ಸಂತೆಗೆ ಬರುತ್ತಿದ್ದ ಒಳ್ಳೆಯ ಎತ್ತುಗಳೂ ಅಮೃತಮಹಲಿನ ಹೋರಿಗಳ ಸಂತತಿಯೇ ಆಗಿದ್ದವೆಂದು ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. 1866ರಲ್ಲಿ, ಕಮಿಷನರ್ ಬೌರಿಂಗ್ ಕಾಲದಲ್ಲಿ, ಚದುರಿದ ದನಗಳನ್ನು ಹುಡುಕಿ ತಂದು ಮತ್ತೆ ಹಟ್ಟಿ ಕಟ್ಟಿದರು. ಉಳಿಸಿದ್ದಕ್ಕಿಂತ ಹೆಚ್ಚು ಖರ್ಚು ಮಾಡಿರಬೇಕು. ಮಿತವ್ಯಯದ ಆದೇಶಗಳಿಗೆ ಇದು ಹೊಸತಲ್ಲ, ಈಗಲೂ ಹೊಸತಲ್ಲ.

1880ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರವೇ ಎಲ್ಲವನ್ನೂ ವಹಿಸಿಕೊಂಡಿತು. 1923ರಲ್ಲಿ ಅಮೃತಮಹಲ್ ಸೈನ್ಯದ ಲೆಕ್ಕದಿಂದ ಹೊರಬಿದ್ದು ಕೃಷಿ ಇಲಾಖೆಯ ಲೆಕ್ಕಕ್ಕೆ ಸೇರಿತು. ತೋಪು ಎಳೆಯಲು ಮೋಟಾರು ಬಂದಿತ್ತು. ಸಣ್ಣ ಆಡಳಿತದ ಬದಲಾವಣೆಯಂತೆ ಕಾಣುವ ಈ ವರ್ಗಾವಣೆಯೇ ಕಾವಲುಗಳ ಹಣೆಬರಹ ಬದಲಿಸಿದ್ದು ಎಂದು ನನ್ನ ತೀರ್ಮಾನ. ಅಲ್ಲಿಯವರೆಗೆ ಕಾವಲಿಗೆ ಬಲವಾದ ಗಿರಾಕಿಯೊಬ್ಬನಿದ್ದ. ಹುಲ್ಲು ಹಾಳಾದರೆ ದಂಡು ಕೇಳುತ್ತಿತ್ತು. ಆಮೇಲೆ ಕೇಳುವವರು ಉಳಿದದ್ದು ಅಕ್ಕಪಕ್ಕದ ಹಳ್ಳಿಗಳ ಕುರಿಗಾರರು, ದನಗಾರರು. ಅವರ ದನಿ ಕಚೇರಿಯ ಮೆಟ್ಟಿಲು ಹತ್ತುವುದು ಅಪರೂಪ.

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯಷ್ಟಿದ್ದ ಕಾವಲು ಕರಗತೊಡಗಿತು. 1940ರ ದಶಕದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಗೆ ಒಂದಷ್ಟು ಹೋಯಿತು. ದರಖಾಸ್ತಿಗೆ, ಬಗರ್‌ಹುಕುಂಗೆ ಒಂದಷ್ಟು. ಸಾಮಾಜಿಕ ಅರಣ್ಯದ ಭರಾಟೆಯಲ್ಲಿ ಕೆಲವೆಡೆ ನೀಲಗಿರಿ ನೆಟ್ಟರು, ನಮ್ಮ ಹಾಡಿಗಳಿಗೆ ಅಕೇಶಿಯಾ ಬಂದ ಹಾಗೆಯೇ. ಹುಲ್ಲುಗಾವಲನ್ನು ಉದ್ಧಾರ ಮಾಡುವುದೆಂದರೆ ಅದರ ಮೇಲೆ ಮರ ನೆಡುವುದು ಎಂಬ ನಂಬಿಕೆ ನಮ್ಮ ಇಲಾಖೆಗಳಿಗೆ ಅಂಟಿದ ಜಾಡ್ಯ. ಮರಕ್ಕೆ ಅನುದಾನವಿದೆ, ಸಸಿಯ ಎಣಿಕೆ ತೋರಿಸಬಹುದು. ಹುಲ್ಲನ್ನು ಎಣಿಸುವುದು ಹೇಗೆ? 1966ರ ಭೂಕಂದಾಯ ನಿಯಮಗಳ 97(4) ಅಮೃತಮಹಲ್ ಕಾವಲುಗಳಿಗೆ ರಕ್ಷಣೆ ಬರೆದಿಟ್ಟಿತ್ತು. ಬರೆದಿಟ್ಟಲ್ಲೇ ಇತ್ತು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಉಳ್ಳಾರ್ತಿ, ಕುದಾಪುರ, ವರವಿನ ಕಾವಲುಗಳು ಮಾತ್ರ ದೊಡ್ಡ ಹರವಿನಲ್ಲಿ ಉಳಿದಿದ್ದವು. ಕೃಷ್ಣಮೃಗ ಓಡಾಡುವ, ಎರ್ಲಡ್ಡು ಹಕ್ಕಿ ಕಾಣಿಸಿಕೊಳ್ಳುತ್ತಿದ್ದ, ಸುತ್ತಲಿನ ಹಳ್ಳಿಗಳ ಕುರಿಮಂದೆ ಮತ್ತು ಕಂಬಳಿ ನೇಯ್ಗೆಗೆ ಆಧಾರವಾಗಿದ್ದ ಬಯಲು. 2008ರಿಂದ 2010ರ ನಡುವೆ ಅದರಲ್ಲಿ ಸುಮಾರು ಹತ್ತು ಸಾವಿರ ಎಕರೆ ಹಂಚಿಹೋಯಿತು. ದೊಡ್ಡ ಪಾಲುಗಳೆಂದರೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, ಹಳ್ಳಿಯವರು ಬೇಲಿಯ ಮುಂದೆ ಪ್ರತಿಭಟಿಸಿದರು. ಯೋಜನೆಗಳು ನಿಲ್ಲಲಿಲ್ಲ. 2016ರ ನವೆಂಬರಿನಲ್ಲಿ ಅಲ್ಲಿಂದ ತಪಸ್ ಡ್ರೋನ್ ಮೊದಲ ಸಲ ಹಾರಿತು. 2017ರ ಮೇ 28ರಂದು ಅರುಣ್ ಜೇಟ್ಲಿ ವೈಮಾನಿಕ ಪರೀಕ್ಷಾ ವಲಯವನ್ನು ಉದ್ಘಾಟಿಸಿದರು.

ಹೀಗೆ ಸೈನ್ಯಕ್ಕಾಗಿ ಹುಟ್ಟಿದ ನೆಲದ ಒಂದು ಭಾಗ ಮತ್ತೆ ರಕ್ಷಣಾ ಇಲಾಖೆಗೇ ಬಂತು. ವ್ಯತ್ಯಾಸವೆಂದರೆ ಹೈದರನ ದಂಡಿಗೆ ಕಾವಲಿನ ಹುಲ್ಲು ಬೇಕಿತ್ತು, ಡ್ರೋನಿಗೆ ಬಯಲು ಸಾಕು. ಹುಲ್ಲಿನ ಮೇಲೆ ಹಕ್ಕಿಲ್ಲದವನಿಗೆ ಹುಲ್ಲಿನ ಖರ್ಚಿನ ಹೊಣೆಯೂ ಇಲ್ಲ.

ಹೊರದೇಶಗಳಲ್ಲಿ ಈ ಗಂಟನ್ನು ಬಿಡಿಸಲು ನೋಡಿದ ಬಗೆ ತಿಳಿಯತಕ್ಕದ್ದು. ಅಮೆರಿಕದಲ್ಲಿ 1960ರಲ್ಲಿ ಫ್ಲಾರಿಡಾದ ಸಂಸದ ರಾಬರ್ಟ್ ಸೈಕ್ಸ್ ಹೆಸರಿನ ಕಾಯ್ದೆ ಬಂತು. ಸೇನಾ ನೆಲೆಗಳಲ್ಲಿ ಬೇಟೆಗೆ, ಮೀನು ಹಿಡಿಯಲು ಬರುವವರಿಂದ ಶುಲ್ಕ ಪಡೆದು, ಆ ದುಡ್ಡನ್ನು ಅದೇ ನೆಲದ ಕಾಡು, ಕೆರೆ, ಪ್ರಾಣಿಗಳಿಗೆ ಹಾಕಬೇಕೆಂಬುದು ಅದರ ಏರ್ಪಾಡು. 1997ರ ತಿದ್ದುಪಡಿ, ನಿಸರ್ಗ ಸಂಪತ್ತಿರುವ ಪ್ರತಿ ನೆಲೆಯೂ ನಿರ್ವಹಣಾ ಯೋಜನೆ ಬರೆಯಲೇಬೇಕೆಂದಿತು. ಟ್ಯಾಂಕು ಉತ್ತು ಹಾಕಿದ ತಾಲೀಮು ಬಯಲಿಗೆ ಮತ್ತೆ ಹುಲ್ಲು ಬಿತ್ತಿ, ಕೊರಕಲು ಮುಚ್ಚಿ ಮುಂದಿನ ತಾಲೀಮಿಗೆ ಸಜ್ಜು ಮಾಡುವುದಕ್ಕೆ ಅಲ್ಲಿನ ಸೈನ್ಯದ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತಿದೆ. ಬೇಲಿಯ ಒಳಗೆ ಬೇಟೆ ಶುಲ್ಕ, ಕಾವಲಿನಲ್ಲಿ ಮೇವಿನ ಶುಲ್ಕ. ಉಪಾಯದ ಬೇರು ಒಂದೇ. ಇಂಗ್ಲೆಂಡಿನ ಸಾಲಿಸ್‌ಬರಿ ಬಯಲನ್ನು ಸೈನ್ಯ ಕೊಳ್ಳತೊಡಗಿದ್ದು 1897ರಲ್ಲಿ. ನೇಗಿಲು, ರಾಸಾಯನಿಕ ಗೊಬ್ಬರ ಮುಟ್ಟದೆ ಉಳಿದ ಆ ಹುಲ್ಲುಗಾವಲು ಈಗ ಆ ದೇಶದ ಅಮೂಲ್ಯ ನಿಸರ್ಗ ತಾಣಗಳಲ್ಲೊಂದು. ಅದಕ್ಕೆ ತೆತ್ತ ಬೆಲೆಯೂ ಇದೆ: 1943ರಲ್ಲಿ ತಾಲೀಮಿಗೆಂದು ಎಬ್ಬಿಸಿದ ಇಂಬರ್ ಹಳ್ಳಿಯವರು ಮರಳಿ ತಮ್ಮ ಮನೆಗೆ ಬರಲೇ ಇಲ್ಲ.

ನಮ್ಮಲ್ಲಿ 1938ರ ಕಾಯ್ದೆಯೊಂದಿದೆ, ಸೈನಿಕ ಕಸರತ್ತು ಮತ್ತು ಗುಂಡು ಹಾರಿಸುವ ಅಭ್ಯಾಸಕ್ಕೆ ಸಂಬಂಧಿಸಿದ್ದು. ಜನರ ಆಸ್ತಿಪಾಸ್ತಿಗೆ ಆದ ಹಾನಿಗೆ ಅದರಲ್ಲಿ ಪರಿಹಾರವುಂಟು. ಸೈನ್ಯದ ಕೈಯಿಂದಲೇ ನೆಲ ಸರಿಪಡಿಸುವ ಪ್ರಯೋಗವೂ ಆಗಿದೆ: 1982ರಲ್ಲಿ ಕಟ್ಟಿದ ಪ್ರಾದೇಶಿಕ ಸೇನೆಯ ಪರಿಸರ ದಳ, ಸುಣ್ಣಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳನ್ನು ಹಸಿರಾಗಿಸಿತು. ಯೋಧರು ನಿವೃತ್ತ ಸೈನಿಕರು, ಖರ್ಚು ಪರಿಸರ ಸಚಿವಾಲಯದ್ದು. ಗಣಿಯವರು ಕೆಡಿಸಿದ್ದನ್ನು ಸೈನಿಕರು ಸರಿಮಾಡಿದರೆ ಅದಕ್ಕೆ ಹಣ ಹೊಂದಿಸಲು ನಮಗೆ ಬರುತ್ತದೆ ಎಂದಾಯಿತು.

ಚಳ್ಳಕೆರೆಯಲ್ಲೂ ನೆಲ ನೋಡಿಕೊಳ್ಳುವ ಏರ್ಪಾಡು ಮಾಡಲು ಹೊಸ ಕಾಯ್ದೆ ಬೇಕಿಲ್ಲ. ಓಡುದಾರಿ ಮತ್ತು ಕಟ್ಟಡಗಳನ್ನು ಬಿಟ್ಟು ಉಳಿಯುವ ಬಯಲಿಗೆ, ಹಾರಾಟವಿಲ್ಲದ ದಿನಗಳಲ್ಲಿ ಗೊತ್ತುಮಾಡಿದ ಹಳ್ಳಿಗಳ ಕುರಿಗಳನ್ನು ಬಿಡಬಹುದು. ಭದ್ರತೆಯ ನೆಪ ಗಟ್ಟಿಯಾದುದೇ. ಆದರೂ ಸಾಲಿಸ್‌ಬರಿಯ ಗುಂಡಿನ ಬಯಲಿನಲ್ಲಿ ಗೇಣಿ ರೈತರ ದನ ಮೇಯುತ್ತವೆ ಎಂಬುದನ್ನು ನೆನೆದರೆ ಅದು ದಾಟಲಾಗದ ಗೋಡೆಯಲ್ಲ. ಕುರಿ ಮೇಯದ ಹುಲ್ಲು ಒಣಗಿ ಬೇಸಗೆಯಲ್ಲಿ ಬೆಂಕಿಗೆ ದಾರಿಯಾಗುತ್ತದೆ, ಅದರ ಕಾವಲಿಗೂ ದುಡ್ಡು ಬೇಕೇ ಬೇಕು. ಉಳಿದ ಕಾವಲುಗಳ ಪಾಲಿಗೆ ಗಿರಾಕಿಯಾಗಿ ನಿಂತಿರುವುದು ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವೊಂದೇ. ಪಶುಸಂಗೋಪನಾ ಇಲಾಖೆ ಅಲ್ಲಿನ ಹೋರಿಕರುಗಳನ್ನು ಹರಾಜು ಹಾಕುತ್ತದೆ, ರೈತರು ಜಿಲ್ಲೆ ದಾಟಿ ಬಂದು ಕೂಗುತ್ತಾರೆ. ಜೋಡಿಗೆ ಲಕ್ಷ ದಾಟಿದ ವರ್ಷ ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಆ ದುಡ್ಡಿನಲ್ಲಿ ಒಂದು ಪಾಲನ್ನು ಆ ಕರುಗಳು ಮೇದ ಕಾವಲಿಗೇ ಮೀಸಲಿಡಿ ಎಂದು ಕೇಳುವುದು, ಚಿಕ್ಕದೇವರಾಜ ಒಡೆಯರ ಗುಮಾಸ್ತನಿಗೆ ವಿಚಿತ್ರವೆನಿಸುತ್ತಿರಲಿಲ್ಲ.